ಸಾಕ್ಷಿಯ ಮಾತಿಗೆ ‘ಕೂಗಿದ’ ಸರಿಯೋ, ‘ಕೂಗಿದನಂತೆ’ ಸರಿಯೋ?

ಅಬ್ರಹಾಂ ಲಿಂಕನ್ ಹತ್ಯೆಯಾದಾಗ ಅಲ್ಲಿದ್ದವರು ಕೊಟ್ಟ ಹೇಳಿಕೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಅಂತೆ’ ಎಂಬ ಪುಟ್ಟ ಪದದ ಹತ್ತಿರ ಕೆಲಸ ನಿಂತುಬಿಟ್ಟಿದೆ. ಬಲ್ಲವರು ದಾರಿ ತೋರಿಸಬೇಕು.

1865ರ ಏಪ್ರಿಲ್ 14, ಗುಡ್ ಫ್ರೈಡೆ ರಾತ್ರಿ, ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರ್. ಹತ್ತೂಕಾಲರ ಸುಮಾರಿಗೆ ನಟ ಜಾನ್ ವಿಲ್ಕ್ಸ್ ಬೂತ್ ಅಧ್ಯಕ್ಷರು ಕೂತಿದ್ದ ಬಾಕ್ಸಿಗೆ ಹಿಂದಿನಿಂದ ಬಂದು ಗುಂಡು ಹಾರಿಸಿದ, ಜೊತೆಗಿದ್ದ ಮೇಜರ್ ಹೆನ್ರಿ ರಾತ್‌ಬೋನ್‌ರ ತೋಳಿಗೆ ಚೂರಿ ಹಾಕಿದ, ಅಲ್ಲಿಂದ ರಂಗದ ಮೇಲೆ ಧುಮುಕಿ ಓಡಿದ. ಇಷ್ಟಕ್ಕೆ ‘ಅಂತೆ’ ಬೇಕಿಲ್ಲ. ಅವನು ಏನು ಕೂಗಿದ, ಯಾವಾಗ ಕೂಗಿದ ಎಂಬಲ್ಲಿ ಮಾತ್ರ ಸಾಕ್ಷಿಗಳು ಒಂದು ದಾರಿಗೆ ಬರುವುದಿಲ್ಲ.

ಆ ಗಳಿಗೆ ರಂಗದ ಮೇಲೆ ಒಬ್ಬನೇ ಇದ್ದ ನಟ ಹ್ಯಾರಿ ಹಾಕ್ ತಂದೆತಾಯಿಗೆ ಬರೆದ ಕಾಗದದಲ್ಲಿ ಹೀಗಿದೆ: ಗುಂಡಿನ ಸದ್ದು ಕೇಳಿಸಿತು, ಬಾಕ್ಸಿನ ಕಡೆ ನೋಡಿದೆ, ‘ಸಿಕ್ ಸೆಂಪರ್ ಟಿರಾನಿಸ್’ ಎಂಬ ಕೂಗು ಕೇಳಿಸಿತು, ಆಮೇಲೆ ಅವನು ಹಾರಿದ. ದಬ್ಬಾಳಿಕೆ ಮಾಡುವವರಿಗೆ ಯಾವತ್ತೂ ಇದೇ ಗತಿ ಎಂದು ಆ ಲ್ಯಾಟಿನ್ ಮಾತಿನ ಅರ್ಥ. ವರ್ಜೀನಿಯಾ ರಾಜ್ಯದ ಧ್ಯೇಯವಾಕ್ಯವೂ ಅದೇ. ರಂಗದ ಮೇಲೆ ಎದ್ದು ನಿಂತ ಬೂತ್, ದಕ್ಷಿಣ (ಅಂದರೆ ಅಮೆರಿಕದ ದಕ್ಷಿಣದ ರಾಜ್ಯಗಳು) ಸ್ವತಂತ್ರವಾಗುತ್ತದೆ ಎಂದೂ ಹೇಳಿದ್ದು ಹಾಕ್‌ನ ಕಿವಿಗೆ ಬಿದ್ದಿದೆ. ಬೂತ್ ತಲೆಮರೆಸಿಕೊಂಡಿದ್ದಾಗ ಬರೆದ ದಿನಚರಿಯಲ್ಲಿ ಕ್ರಮವೇ ತಿರುಗಿದೆ: ಗುಂಡು ಹಾರಿಸುವ ಮುಂಚೆಯೇ ‘ಸಿಕ್ ಸೆಂಪರ್’ ಎಂದು ಕೂಗಿದೆ. ಬಾಕ್ಸಿನ ಒಳಗೇ ಇದ್ದ ರಾತ್‌ಬೋನ್ ಮೂರು ದಿನದ ಮೇಲೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಲ್ಲಿ ಲ್ಯಾಟಿನ್ನೇ ಇಲ್ಲ. ಗುಂಡಿನ ಸದ್ದಿಗೆ ತಿರುಗಿ ನೋಡಿದಾಗ ಹೊಗೆಯ ನಡುವೆ ಒಬ್ಬ ಕಂಡ, ಏನೋ ಒಂದು ಮಾತು ಕೂಗಿದ, ಅದು ‘ಫ್ರೀಡಮ್’ ಎಂದಿರಬೇಕು.

ನನಗೆ ತೊಡಕಾಗಿರುವುದು ಈ ಮೂರನೆಯದು. ಅಲ್ಲಿನ ಕೋರ್ಟಿನ ರೂಢಿಯಂತೆ ಹೇಳಿಕೆ ಪ್ರಥಮ ಪುರುಷದಲ್ಲಿದೆ, ಅಂದರೆ ರಾತ್‌ಬೋನ್ ತನ್ನನ್ನೇ ‘ಈ ಹೇಳಿಕೆದಾರನು’ ಎಂದುಕೊಳ್ಳುತ್ತಾರೆ. ‘ಹೇಳಿಕೆದಾರನಿಗೆ ಕೇಳಿಸಿತು’ ಎಂದು ಬರೆದರೆ ಇನ್ನೊಬ್ಬರ ಕಿವಿಯೊಳಗೆ ನಾನೇ ಹೊಕ್ಕು ನೋಡಿದ ಹಾಗಾಗುತ್ತದೆ. ಕನ್ನಡದ ಕಿವಿ ಅಲ್ಲಿ ತಾನಾಗಿಯೇ ‘ಕೇಳಿಸಿತಂತೆ’ ಎಂದು ಬಯಸುತ್ತದೆ. ಆದರೆ ‘ಅಂತೆ’ ಹಾಕಿದ ಕೂಡಲೇ ಅಂತೆಕಂತೆಯ ಬಣ್ಣ ಬಂದು, ಪ್ರಮಾಣ ಮಾಡಿ ಹೇಳಿದ ಮಾತು ಜಗಲಿಕಟ್ಟೆಯ ಸುದ್ದಿಯಾಗಿಬಿಡುತ್ತದೆ. ತೋಳಿಗೆ ಆಳವಾದ ಗಾಯ ಮಾಡಿಕೊಂಡವರ ಮಾತನ್ನು ಹಾಗೆ ಹಗುರ ಮಾಡಲು ನನಗೆ ಮನಸ್ಸಿಲ್ಲ. ಪತ್ರಿಕೆಗಳ ‘ಎನ್ನಲಾಗಿದೆ’ ಇನ್ನೂ ಕೆಟ್ಟದ್ದು. ಅದರಲ್ಲಿ ಹೇಳಿದವರು ಯಾರೆಂಬುದೇ ಅಳಿಸಿಹೋಗುತ್ತದೆ, ಸಾಕ್ಷ್ಯ ತೂಗುವವರಿಗೆ ಮೊದಲು ಬೇಕಾದದ್ದೇ ಅದು.

ಹಾಗೆಂದು ‘ಅಂತೆ’ ಇಲ್ಲದ ವಾಕ್ಯವೇ ಗಟ್ಟಿ ಎನ್ನುವಂತೆಯೂ ಇಲ್ಲ. ನಾವೇ ಮಾಡಿದ ಕೆಲಸಕ್ಕೆ ನಾವು ‘ಅಂತೆ’ ಹಾಕುವುದಿಲ್ಲ. ‘ಮಗುವಾಗಿದ್ದಾಗ ಬಾವಿಗೆ ಬಿದ್ದೆನಂತೆ’ ಎಂಬಂಥ ನೆನಪಿಲ್ಲದ ಸಂಗತಿಗಷ್ಟೇ ಅದು ಹೊಂದುತ್ತದೆ. ಆದ್ದರಿಂದ ವ್ಯಾಕರಣದ ಮಟ್ಟಿಗೆ ಬೂತ್‌ನ ‘ಕೂಗಿದೆ’ ಎಲ್ಲಕ್ಕಿಂತ ಖಚಿತ. ಆದರೆ ಅದೇ ದಿನಚರಿಯಲ್ಲಿ ಅವನು ಅಧ್ಯಕ್ಷರ ಪಕ್ಕದಲ್ಲಿ ಒಬ್ಬ ಕರ್ನಲ್ ಇದ್ದ ಎಂದು ಬರೆದಿದ್ದಾನೆ. ಇದ್ದದ್ದು ಮೇಜರ್. ತನ್ನ ಕೆಲಸವನ್ನು ವೀರಗಾಥೆ ಮಾಡಿಕೊಳ್ಳುವ ಹಂಬಲ ಅವನ ಸಾಲುಸಾಲಿನಲ್ಲಿದೆ. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯಲ್ಲಿ ನನಗೆ ‘ಪರಾಂಬರಿಸು’ ಬಹಳ ಇಷ್ಟ. ಕಂಡವರನ್ನು ಅದು ಸುಳ್ಳುಗಾರರೆನ್ನುವುದಿಲ್ಲ, ಇನ್ನೊಮ್ಮೆ ನೋಡು ಎನ್ನುತ್ತದೆ. ಇಂಥ ಕಡೆ ‘ಪರಿಶೀಲಿಸು’ ಬದಲು ಅದನ್ನೇ ಬಳಸುತ್ತಿದ್ದೇನೆ.

‘ಸಾಕ್ಷಿ’ಯ ಬಗ್ಗೆಯೂ ಒಂದು ಮಾತು. ಪಾಣಿನಿಯ ಪ್ರಕಾರ ಸಾಕ್ಷಾತ್ ನೋಡಿದವನು ಸಾಕ್ಷಿ. ‘ಪ್ರತ್ಯಕ್ಷದರ್ಶಿ’ಯಲ್ಲಂತೂ ನೋಟ ಎದ್ದು ಕಾಣುತ್ತದೆ. ಇಲ್ಲಿನ ಜಗಳ ಪೂರ್ತಿ ಕಿವಿಯದ್ದು. ಹಾಗಾಗಿ ‘ಅಲ್ಲಿದ್ದವರು’ ಎಂದೇ ಬರೆದಿದ್ದೇನೆ. ‘ಕೇಳಿದೆ’ ಎಂದರೆ ಪ್ರಶ್ನೆ ಕೇಳಿದ ಅರ್ಥವೂ ಬರುವುದರಿಂದ ಎಲ್ಲ ಕಡೆ ‘ಕೇಳಿಸಿತು’ ಇಟ್ಟಿದ್ದೇನೆ.

ಈಗ ಕೇಳಬೇಕಾದದ್ದು ಎರಡು. ಧಾರವಾಡದ ಕಡೆ ‘ಬಂದಾನಂತ’ ಎನ್ನುವಾಗ ನಮ್ಮ ‘ಬಂದಿದಾನಂತೆ’ಯಲ್ಲಿರುವಷ್ಟೇ ಅನುಮಾನ ಇರುತ್ತದೆಯೇ, ಅಥವಾ ಬರೀ ಸುದ್ದಿ ಮುಟ್ಟಿಸುವ ಮಾತೇ? ಹಳಗನ್ನಡದ ‘ಗಡ’ ಕೂಡ ಕೇಳಿದ ಸುದ್ದಿಗೆ ಬರುತ್ತಿತ್ತು. ಅದರಲ್ಲಿ ಅಂತೆಕಂತೆಯ ಛಾಯೆ ಇತ್ತೇ? ಸದ್ಯ ರಾತ್‌ಬೋನ್‌ರ ವಾಕ್ಯವನ್ನು ಉತ್ತಮ ಪುರುಷಕ್ಕೆ ತಿರುಗಿಸಿ ಹೀಗೆ ಇಟ್ಟಿದ್ದೇನೆ: ‘ಅದೇ ಹೊತ್ತಿಗೆ ಅವನು ಏನೋ ಕೂಗಿದ್ದು ನನಗೆ ಕೇಳಿಸಿತು, ಅದು ಫ್ರೀಡಮ್ ಎಂದು ನನ್ನ ಎಣಿಕೆ.’ ‘ಎಣಿಕೆ’ ಇಲ್ಲಿ ಸಾಕೇ, ‘ಇರಬೇಕು’ ವಾಸಿಯೇ?