ಕಬಡ್ಡಿ ಲೀಗ್ ಏಲಂ: 85,000 ಪಾಯಿಂಟಲ್ಲಿ 11 ಜನರನ್ನು ತೆಗೊಳ್ಳುವ ಲೆಕ್ಕ ಹೇಗೆ?

ಪೈವಳಿಕೆ_ಮ್ಯಾಟ್

ಮಂಜೇಶ್ವರ ಕಡೆಯ 8 ತಂಡಗಳ ಲೀಗ್. ಮ್ಯಾಟ್ ಮೇಲೆ, ಎರಡು ರಾತ್ರಿ, 85 ಕೆ.ಜಿ. ಒಳಗಿನವರು, ಹಾಫಿಗೆ 15 ನಿಮಿಷ. ನಾಲ್ಕು ನಾಲ್ಕು ತಂಡದ ಎರಡು ಗುಂಪು, ಅಂದರೆ ಫೈನಲಿಗೆ ಹೋದವರಿಗೆ 5 ಮ್ಯಾಚ್.

ಏಲಂನಲ್ಲಿ ಖರ್ಚು ಮಾಡಲಿಕ್ಕೆ ತಂಡಕ್ಕೆ 1,00,000 ಪಾಯಿಂಟ್, 12 ಆಟಗಾರರು. ಐಕಾನ್ ಪ್ಲೇಯರ್ ಒಬ್ಬನನ್ನು ಏಲಂಗೆ ಮೊದಲೇ ಚೀಟಿ ಎತ್ತಿ ಕೊಡ್ತಾರೆ, ಅದಕ್ಕೆ 15,000 ಕಳೆಯುತ್ತಾರೆ. ಉಳಿದ 85,000ದಲ್ಲಿ 11 ಜನ ಆಗಬೇಕು. ಮೂಲಬೆಲೆ ಎಲ್ಲರಿಗೂ 2,000. ಪಟ್ಟಿಯಲ್ಲಿ 130 ಹೆಸರು ಉಂಟು.

ನಮ್ಮ ಮಾಲಕರದ್ದು ಒಂದೇ ಹಟ: "ಒಳ್ಳೆ ರೈಡರ್ ಒಬ್ಬನಿಗೆ 45,000 ಬೇಕಾದ್ರೂ ಹಾಕುವ, ಉಳಿದವರು ಹೇಗೂ ಸಿಕ್ತಾರೆ." ಇದು ಸರಿಯಾ? ಒಬ್ಬ ಆಟಗಾರನಿಗೆ ಇಷ್ಟೇ ಬೆಲೆ ಅಂತ ಮೊದಲೇ ಲೆಕ್ಕ ಹಾಕುವ ಕ್ರಮ ಏನಾದರೂ ಉಂಟಾ?

ಸ್ಕೋರ್‌ಶೀಟ್

ಉಂಟು. "ಉಳಿದವರು ಹೇಗೂ ಸಿಕ್ತಾರೆ" ಅಂತ ನಿಮ್ಮ ಮಾಲಕರು ಹೇಳಿದ್ದರಿಂದಲೇ ಲೆಕ್ಕ ಶುರು ಮಾಡುವ. 2,000ಕ್ಕೆ ಹೇಗೂ ಸಿಗುವವನು ಎಷ್ಟು ಆಡ್ತಾನೆ? ಅವನಿಗಿಂತ ನೀವು ಕೂಗುವವನು ಎಷ್ಟು ಹೆಚ್ಚು ಆಡ್ತಾನೆ? ಬೆಲೆ ಕೊಡಬೇಕಾದ್ದು ಆ ಹೆಚ್ಚಿಗೆ ಮಾತ್ರ, ಇಡೀ ಆಟಗಾರನಿಗೆ ಅಲ್ಲ.

ಮೊದಲು ಸ್ಕೋರ್‌ಶೀಟ್ ಸಂಗ್ರಹಿಸಿ. ಈ ಸೀಸನ್‌ನ ನಾಲ್ಕೈದು ಟೂರ್ನಮೆಂಟಿನದ್ದಾದರೂ ಬೇಕು. ಪ್ರತಿಯೊಬ್ಬನಿಗೂ ಮ್ಯಾಚಿಗೆ ಸರಾಸರಿ ಎಷ್ಟು ಅಂಕ ತಂದ, ಎಷ್ಟು ಸಲ ಔಟಾದ ಅಂತ ಬರೆದು ಒಂದರಿಂದ ಒಂದನ್ನು ಕಳೆಯಿರಿ. 9 ಅಂಕ ತಂದು 3 ಸಲ ಸಿಕ್ಕಿಬಿದ್ದ ರೈಡರಿನ ನಿವ್ವಳ 6. ಮೂರು ಕ್ಯಾಚ್ ಹಿಡಿದು ಮೂರು ಸಲ ಜಾರಿ ಔಟಾದ ಕಾರ್ನರಿನ (ತುದಿಯಲ್ಲಿ ನಿಂತು ಹಿಡಿಯುವ ಡಿಫೆಂಡರ್) ನಿವ್ವಳ ಸೊನ್ನೆ. ಗ್ಯಾಲರಿ ಎಷ್ಟು ಚಪ್ಪಾಳೆ ತಟ್ಟಿದರೂ ಸೊನ್ನೆಯೇ.

ಆಮೇಲೆ ಸ್ಥಾನ ಪ್ರಕಾರ ಸಾಲು ಮಾಡಿ: ರೈಡರ್, ಎಡ ಕಾರ್ನರ್, ಬಲ ಕಾರ್ನರ್, ಕವರ್ (ಕಾರ್ನರುಗಳ ನಡುವೆ ನಿಲ್ಲುವ ಡಿಫೆಂಡರ್). 130ರಲ್ಲಿ 88 ಜನ ಹೋಗ್ತಾರೆ, 42 ಜನ ಉಳೀತಾರೆ. ಪ್ರತಿ ಸಾಲಿನಲ್ಲೂ ಕಟ್ಟಕಡೆಗೆ 2,000ಕ್ಕೆ ಸಿಗುವವನೇ ಅಳತೆಗೋಲು. ಅವನ ನಿವ್ವಳವನ್ನು ಮೇಲಿನವರದ್ದರಿಂದ ಕಳೆಯಿರಿ. ಉಳಿದದ್ದಕ್ಕೆ "ಮಿಗತೆ" ಅಂತ ಇಟ್ಟುಕೊಳ್ಳುವ.

ಈಗ ಪಾಯಿಂಟಿನ ಕಡೆ ಬನ್ನಿ. 11 ಜನಕ್ಕೆ ತಲಾ 2,000 ಅಂತ 22,000 ಹೇಗೂ ಹೋಗ್ತದೆ. ಕೂಗಲಿಕ್ಕೆ ನಿಜವಾಗಿ ಉಳಿಯುವುದು ತಂಡಕ್ಕೆ 63,000, ಎಂಟು ತಂಡಕ್ಕೆ 5,04,000. ನಿಮ್ಮ ಪಟ್ಟಿಯ 88 ಜನರ ಮಿಗತೆ ಒಟ್ಟು 126 ಅಂಕ ಬಂತು ಅಂತ ಇಟ್ಟುಕೊಳ್ಳಿ. 5,04,000 ಭಾಗಿಸು 126, ಒಂದು ಅಂಕಕ್ಕೆ 4,000 ಪಾಯಿಂಟ್.

ನಿವ್ವಳ 6ರ ರೈಡರ್, ಮೂಲಬೆಲೆಯ ರೈಡರ್ 3 ಅಂತಾದರೆ ಮಿಗತೆ 3. ಅವನ ನ್ಯಾಯದ ಬೆಲೆ 2,000 ಕೂಡಿಸು 12,000, ಅಂದರೆ 14,000. ನಿವ್ವಳ 2.5ರ ಎಡ ಕಾರ್ನರ್, ಆ ಸಾಲಿನ ಕಡೆಯವನು ಸೊನ್ನೆ ಅಂತಾದರೆ ಅವನ ಬೆಲೆ 12,000. ರೈಡರ್ ತರುವ ಅಂಕದ ಅರ್ಧವೂ ಇವನು ತರುವುದಿಲ್ಲ, ಆದರೂ ಬೆಲೆ ಹೆಚ್ಚುಕಡಿಮೆ ಒಂದೇ. ಆದರೆ ಏಲಂ ಹಾಲಿನಲ್ಲಿ ರೈಡರ್ 30,000 ದಾಟ್ತಾನೆ, ಕಾರ್ನರಿಗೆ 5,000-6,000ಕ್ಕೇ ಸುತ್ತಿಗೆ ಬೀಳ್ತದೆ. ನಿಮಗೆ ಲಾಭ ಇರುವುದು ಅಲ್ಲಿ.

ಮಾಲಕರ 45,000ಕ್ಕೂ ಇದೇ ಲೆಕ್ಕ ಹಾಕಿ ನೋಡಿ. 43,000 ಭಾಗಿಸು 4,000, ಸುಮಾರು 11. ಅಂದರೆ ಆ ಪುಣ್ಯಾತ್ಮ ಪ್ರತಿ ಮ್ಯಾಚಲ್ಲೂ ಮೂಲಬೆಲೆಯ ರೈಡರಿಗಿಂತ 11 ಅಂಕ ಹೆಚ್ಚು ತರಬೇಕು, ಅದೂ ಔಟಾದದ್ದನ್ನು ಕಳೆದ ಮೇಲೆ. 30 ನಿಮಿಷದ ಆಟದಲ್ಲಿ ಒಂದು ತಂಡಕ್ಕೆ ಸಿಗುವುದೇ ಸುಮಾರು 30 ರೈಡ್. ಮತ್ತೆ ಉಳಿದ 40,000ದಲ್ಲಿ 10 ಜನ, ತಲಾ 4,000.

ಎಡ_ಕಾರ್ನರ್

ಲೆಕ್ಕ ಒಪ್ಪಿದೆ. ಆದರೆ ಸ್ಕೋರ್‌ಶೀಟಿನಲ್ಲಿ ಕಾಣದ ಎರಡು ವಿಷಯ ಉಂಟು.

ಒಂದು, ಬೋನಸ್ ಅಂಕಕ್ಕೆ ಹೊರಗೆ ಕೂತವ ಒಳಗೆ ಬರುವುದಿಲ್ಲ. ಎದುರಿನವರನ್ನು ಔಟ್ ಮಾಡಿದರೆ ಮಾತ್ರ, ಔಟಾದ ಕ್ರಮದಲ್ಲೇ, ಒಬ್ಬೊಬ್ಬ ವಾಪಸು. ಎದುರು ಆರು ಅಥವಾ ಏಳು ಜನ ಇರುವಾಗ ಬೋನಸ್ ಗೆರೆ ದಾಟಿ ಬರುವ ರೈಡರ್ 8 ಅಂಕ ತಂದ ಅಂತ ಕುಣಿಯಬೇಡಿ. ಅದರಲ್ಲಿ 5 ಬೋನಸ್ ಆದರೆ ಅವನು ವಾಪಸು ತಂದದ್ದು ಮೂವರನ್ನು ಮಾತ್ರ. ಟಚ್ ಮತ್ತು ಬೋನಸ್ ಬೇರೆ ಬೇರೆ ಕಾಲಂ ಮಾಡಿ. ನನ್ನ ಅಂದಾಜಿಗೆ ಬೋನಸನ್ನು ಮುಕ್ಕಾಲು ಅಂಕ ಅಂತ ಹಿಡಿದರೆ ಸಾಕು.

ಎರಡು, 45,000ದ ರೈಡರ್ ಒಮ್ಮೆ ಸಿಕ್ಕಿಬಿದ್ದರೆ ಅವನನ್ನು ಹೊರಗಿಂದ ಎಬ್ಬಿಸುವವರು ಯಾರು? ನಿಮ್ಮದೇ ಡಿಫೆನ್ಸ್, ಇಲ್ಲವಾದರೆ ಎರಡನೇ ರೈಡರ್. ಅವರಿಬ್ಬರೂ 2,000ದವರಾದರೆ ಸ್ಟಾರ್ ಬೆಂಚಿನಲ್ಲಿ ಕೂತು ಲೋನಾ (ಇಡೀ ತಂಡ ಔಟ್) ಬೀಳುವುದನ್ನು ನೋಡ್ತಾ ಇರ್ತಾನೆ. ಅವನು ಆಡುವುದು 30 ನಿಮಿಷದಲ್ಲಿ ಹೆಚ್ಚೆಂದರೆ 18.

ಡಿಫೆಂಡರುಗಳನ್ನು ಬಿಡಿಬಿಡಿಯಾಗಿ ತೆಗೊಂಡರೆ ಪೆಟ್ಟು ಬೀಳುವುದು ಇಲ್ಲೇ. ಕಾರ್ನರ್ ಆಂಕಲ್ ಹಿಡಿದ ಕೂಡಲೇ ಪಕ್ಕದ ಕವರ್ ಮೇಲೆ ಬೀಳಬೇಕು. ಅರ್ಧ ಸೆಕೆಂಡ್ ತಡವಾದರೆ ರೈಡರ್ ಎಳೆದುಕೊಂಡು ಗೆರೆ ಮುಟ್ಟಿ ಎರಡು ಅಂಕ ತೆಗೊಂಡು ಹೋಗ್ತಾನೆ. ವರ್ಷಗಟ್ಟಲೆ ಒಂದೇ ಕ್ಲಬ್ಬಿನಲ್ಲಿ ಒಟ್ಟಿಗೆ ಆಡಿದ ಜೋಡಿಗೆ ಇದು ಹೇಳಿಕೊಡುವುದು ಬೇಡ. ಏಲಂಗೆ ಮೊದಲು ಪಟ್ಟಿಯಲ್ಲಿ ಅಂಥ ಜೋಡಿಗಳಿಗೆ ಗುರುತು ಹಾಕಿ. ಒಬ್ಬ ನಿಮ್ಮ ಕೈಗೆ ಬಂದ ಮೇಲೆ ಇನ್ನೊಬ್ಬನಿಗೆ ನಿಮ್ಮ ಲೆಕ್ಕದ ಬೆಲೆಗಿಂತ 2,000 ಹೆಚ್ಚು ಹಾಕಬಹುದು. ಮೊದಲನೆಯವನು ಬೇರೆ ತಂಡಕ್ಕೆ ಹೋದರೆ ಎರಡನೆಯವನ ಬೆಲೆ ಕೂಡಲೇ ಇಳಿಸಿ.

12 ಜನ ಹೀಗಿರಲಿ: ರೈಡರ್ 4 (ಎಡದಿಂದ ಹೋಗುವ ಒಬ್ಬ ಕಡ್ಡಾಯ), ಎಡ ಕಾರ್ನರ್ 2, ಬಲ ಕಾರ್ನರ್ 2, ಕವರ್ 3, ಆಲ್‌ರೌಂಡರ್ 1. ನಾಲ್ಕನೇ ರೈಡರ್ ಮೂರನೇ ರೈಡಿಗೆ ಹೋಗುವವನಾಗಿರಲಿ. ಎರಡು ಖಾಲಿ ರೈಡ್ ಆದ ಮೇಲೆ ಡೂ ಆರ್ ಡೈ (ಅಂಕ ತಾರದಿದ್ದರೆ ರೈಡರ್ ಔಟ್) ಅಲ್ಲವಾ, ಅಲ್ಲಿ ಸ್ಟಾರನ್ನು ಕಳಿಸಿ ಕಳೆದುಕೊಳ್ಳುವುದು ಬೇಡ.

ಹೊಸದುರ್ಗದ_ಡಗೌಟ್

ಸ್ಕೋರ್‌ಶೀಟ್ ಅವರು ಹೇಳಿದ "ಮಿಗತೆ" ಅಮೆರಿಕದ ಬೇಸ್‌ಬಾಲಿನಲ್ಲಿ ಬಹಳ ಕಾಲದಿಂದ ಇರುವ ಲೆಕ್ಕ. ಅಲ್ಲಿ ಏಲಂ ಇಲ್ಲ. 2025ರಲ್ಲಿ ಕನಿಷ್ಠ ಸಂಬಳ 7,60,000 ಡಾಲರ್. ತಂಡದ 26 ಜನರಿಗೂ ಅಷ್ಟೇ ಕೊಟ್ಟರೆ ಖರ್ಚು 2 ಕೋಟಿ ಡಾಲರಿನ ಒಳಗೆ. ಅದೇ ವರ್ಷ ತಂಡದ ಒಟ್ಟು ಸಂಬಳದ ಮೇಲೆ ದಂಡತೆರಿಗೆ ಶುರುವಾಗುವ ಮಿತಿ 24.1 ಕೋಟಿ ಡಾಲರ್. ಈ ಎರಡರ ನಡುವಿನ ಹಣವೆಲ್ಲ ಮಿಗತೆಗೆ ಹೋಗುವಂಥದ್ದು.

2002ರಲ್ಲಿ ಓಕ್ಲಂಡ್ ತಂಡ ಸುಮಾರು 4 ಕೋಟಿ ಡಾಲರ್ ಸಂಬಳದಲ್ಲಿ 103 ಪಂದ್ಯ ಗೆದ್ದಿತು. ನ್ಯೂಯಾರ್ಕ್ ಯಾಂಕೀಸ್ ಗೆದ್ದದ್ದೂ 103, ಸಂಬಳ ಸುಮಾರು 12.5 ಕೋಟಿ. ಇದರ ಉಲ್ಟಾ ನೋಡಬೇಕಾದರೆ ಏಂಜಲ್ಸ್ ತಂಡ ಉಂಟು. ದೊಡ್ಡ ಸ್ಟಾರುಗಳಾದ ಮೈಕ್ ಟ್ರೌಟ್ ಮತ್ತು ಶೊಹೇಯಿ ಒಹ್ತಾನಿ 2018ರಿಂದ 2023ರ ತನಕ ಒಂದೇ ತಂಡದಲ್ಲಿದ್ದರೂ ಒಂದು ಸಲವೂ ಪ್ಲೇಆಫ್ ಕಾಣಲಿಲ್ಲ. ಒಂಬತ್ತು ಬ್ಯಾಟರುಗಳು ಸರದಿ ಪ್ರಕಾರ ಬರುವ ಆಟ, ಎಂಥ ಸ್ಟಾರಿಗೂ ಒಂಬತ್ತರಲ್ಲಿ ಒಂದೇ ಸರದಿ. ಕಬಡ್ಡಿಯಲ್ಲಿ ಹಾಗಲ್ಲ, ಒಬ್ಬ ರೈಡರ್ ತಂಡದ ಅರ್ಧ ರೈಡ್ ತಾನೇ ಮಾಡಬಹುದು. ಹಾಗಾಗಿ ಸ್ಟಾರಿಗೆ ಇಲ್ಲಿ ಬೇಸ್‌ಬಾಲಿಗಿಂತ ಸ್ವಲ್ಪ ಹೆಚ್ಚು ಕೊಡುವುದರಲ್ಲಿ ನ್ಯಾಯ ಉಂಟು. 45,000 ಕೊಡುವಷ್ಟು ಇಲ್ಲ.

ಬೇಸ್‌ಬಾಲಿನಲ್ಲಿ ಅಗ್ಗದ ಅಂಕ ಬರುವುದು ಹೊಸ ಹುಡುಗರಿಂದ. ಸಾಮಾನ್ಯವಾಗಿ ಆರು ವರ್ಷ ಸೇವೆ ಆಗುವ ತನಕ ಆಟಗಾರ ಮುಕ್ತ ಮಾರುಕಟ್ಟೆಗೆ ಬರುವ ಹಾಗಿಲ್ಲ, ಮೊದಲ ಮೂರು ವರ್ಷ ಹೆಚ್ಚಿನವರಿಗೆ ಕನಿಷ್ಠ ಸಂಬಳದ ಆಸುಪಾಸು. ನಿಮ್ಮಲ್ಲಿ ಅದಕ್ಕೆ ಸಮ ಅಂದರೆ ಹೆಸರು ಇನ್ನೂ ಹಬ್ಬದ, ಮಂಗಳೂರು ಕಡೆಯ ಕಾಲೇಜುಗಳಲ್ಲಿ ಆಡುತ್ತಿರುವ ಹುಡುಗರು. ಮ್ಯಾಟಿನ ಅಭ್ಯಾಸ ಅವರಿಗೆ ಉಂಟು. ಮಣ್ಣಿನಲ್ಲಿ ಮಾತ್ರ ಆಡಿದ ದೊಡ್ಡ ಹೆಸರಿನವರು ಶೂ ಹಾಕಿ ಮ್ಯಾಟಿನ ಮೇಲೆ ತಿರುಗುವಾಗ ಮೊಣಗಂಟು ಹಿಡಿದುಕೊಳ್ತಾರೆ. ಪಾದ ಅಂಟಿ ನಿಲ್ತದೆ, ಮೈ ಮಾತ್ರ ತಿರುಗ್ತದೆ.

ಸೂಪರ್_ಟ್ಯಾಕಲ್

ಬೇಸ್‌ಬಾಲ್ ತನಕ ಹೋಗುವುದು ಯಾಕೆ ಮಾರಾಯ್ರೆ, ಪ್ರೊ ಕಬಡ್ಡಿಯಲ್ಲೇ ಉದಾಹರಣೆ ಬಿದ್ದುಕೊಂಡಿದೆ. 2022ರಲ್ಲಿ ತಮಿಳ್ ತಲೈವಾಸ್ ರೈಡರ್ ಪವನ್ ಸೆಹ್ರಾವತ್‌ಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮೊಣಗಂಟಿಗೆ ಪೆಟ್ಟು, ಇಡೀ ಸೀಸನ್ ಹೊರಗೆ. ಆದರೂ ತಂಡ ಮೊದಲ ಸಲ ಪ್ಲೇಆಫಿಗೆ ಹೋಗಿ ಸೆಮಿಫೈನಲ್ ಆಡಿತು. ಹೊಸ ಹುಡುಗ ನರೇಂದರ್ 240ಕ್ಕಿಂತ ಹೆಚ್ಚು ರೈಡ್ ಅಂಕ ತಂದ.

ಮರುವರ್ಷ ಅದೇ ಪವನ್‌ಗೆ ತೆಲುಗು ಟೈಟಾನ್ಸ್ 2.605 ಕೋಟಿ ಹಾಕಿತು. ತಂಡ ಕಟ್ಟಲಿಕ್ಕೆ ಒಟ್ಟು ಪರ್ಸ್ (ಖರ್ಚಿನ ಮಿತಿ) ಇದ್ದದ್ದೇ 5 ಕೋಟಿ. ತಂಡ ಕಟ್ಟಕಡೆಯ ಸ್ಥಾನ. ಪವನ್ ಆಡಲಿಲ್ಲ ಅಂತಲ್ಲ, ಜೊತೆಗೆ ಆಡುವವರು ಸಾಲಲಿಲ್ಲ.

ಆದರೆ "ದೊಡ್ಡ ಬೆಲೆ ಕೊಡಲೇಬಾರದು" ಅನ್ನುವುದೂ ತಪ್ಪು. ಅದೇ ಸೀಸನ್ನಿನಲ್ಲಿ ಪುಣೇರಿ ಪಲ್ಟನ್ ಡಿಫೆಂಡರ್ ಮೊಹಮ್ಮದ್‌ರೆಜಾ ಶಾದ್ಲೂಯಿಗೆ 2.35 ಕೋಟಿ ಕೊಟ್ಟು ಕಪ್ಪು ಗೆದ್ದಿತು. ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್ ಅಂಥವರು ಮೊದಲೇ ಕೈಯಲ್ಲಿದ್ದರು. ಏಳರಲ್ಲಿ ಆರು ತುಂಬಿದ ಮೇಲೆ ಏಳನೆಯವನಿಗೆ ಸುರಿದದ್ದು. ಮತ್ತೆ ಅವನು ಹಿಡಿಯುತ್ತಾನೆ, ರೈಡಿಗೂ ಹೋಗ್ತಾನೆ. ಒಂದು ಜಾಗದಲ್ಲಿ ಎರಡು ಕೆಲಸ.

ಪೈವಳಿಕೆ_ಮ್ಯಾಟ್

ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಚೀಟಿಯಲ್ಲಿ ಬರುವ ಐಕಾನ್ ರೈಡರೇ ಆದರೆ ಏನು ಮಾಡುವುದು? ಮತ್ತೆ ಏಲಂ ನಡೆಯುವಾಗ ಬೆಲೆ ಮೇಲೆ ಕೆಳಗೆ ಆಗ್ತದಲ್ಲ, ಬರೆದಿಟ್ಟ ಬೆಲೆಗೇ ಕೂತರೆ ಸಾಕಾ?

ಸ್ಕೋರ್‌ಶೀಟ್

ಐಕಾನ್ ರೈಡರಾದರೆ ಒಳ್ಳೆಯದೇ ಆಯ್ತು, 15,000ಕ್ಕೆ ಮುಗೀತು. ಏಲಂನಲ್ಲಿ ಮೊದಲ ದರ್ಜೆಯ ರೈಡರ್ ಕಡೆ ನೋಡಲೇ ಬೇಡಿ; ಎರಡನೇ ರೈಡರ್ ಒಬ್ಬ 10,000ದ ಒಳಗೆ, ಉಳಿದದ್ದು ಡಿಫೆನ್ಸಿಗೆ. ಐಕಾನ್ ಡಿಫೆಂಡರಾದರೆ ರೈಡರಿಗೆ 22,000-25,000ದ ವರೆಗೆ ಹೋಗಬಹುದು.

ಬರೆದಿಟ್ಟ ಬೆಲೆಗೇ ಕೂತರೆ ಸಾಲದು. ಒಬ್ಬನನ್ನು ಬರೀ ನೋಟ್‌ಬುಕ್ಕಿಗೆ ಅಂತ ಕೂರಿಸಿ. ಪ್ರತಿ ಹೆಸರು ಹೋದ ಮೇಲೆ ಎರಡು ಸಂಖ್ಯೆ ಬರೀಬೇಕು: ಎಂಟೂ ತಂಡದ ಕೈಯಲ್ಲಿ ಉಳಿದ ಪಾಯಿಂಟ್ ಎಷ್ಟು, ಇನ್ನು ಹೋಗಬೇಕಾದವರಿಗೆ ನಿಮ್ಮ ಪಟ್ಟಿಯಲ್ಲಿ ಹಾಕಿದ ಬೆಲೆ ಒಟ್ಟು ಎಷ್ಟು. ಮೊದಲ 25 ಹೆಸರಿಗೆ ಎಲ್ಲರೂ ಹುಚ್ಚೆದ್ದು ಕೂಗಿದರು ಅನ್ನಿ. ಉಳಿದ ಪಾಯಿಂಟ್ 2,40,000, ಉಳಿದವರ ಬೆಲೆ 3,00,000. ಇನ್ನು ಮುಂದೆ ಸರಾಸರಿ ನಿಮ್ಮ ಬೆಲೆಯ 80 ಶೇಕಡಕ್ಕೆ ಸಿಗ್ತಾರೆ, 12,000ದ ಕಾರ್ನರ್ 9,500ರ ಆಸುಪಾಸಿಗೆ. ಆಗ ಕೈಯಲ್ಲಿ ಪಾಯಿಂಟ್ ಇದ್ದವನೇ ರಾಜ. ಶುರುವಿನಲ್ಲಿ ಯಾರೂ ಕೂಗದೆ ಉಳಿತಾಯ ಮಾಡುತ್ತಿದ್ದರೆ ಲೆಕ್ಕ ತಿರುಗ್ತದೆ. ಕೊನೆಗೆ ಬೆಲೆ ಏರ್ತದೆ, ಹಾಗಾಗಿ ಬೇಗ ತೆಗೊಳ್ಳಿ.

ಗರಿಷ್ಠ ಕೂಗಿನ ಸಂಖ್ಯೆ ಪ್ರತಿ ಸಲ ಎದುರಿಗಿರಲಿ: ಉಳಿದ ಪಾಯಿಂಟಿನಿಂದ, ಉಳಿದ ಜಾಗದಲ್ಲಿ ಒಂದು ಕಡಿಮೆ ಮಾಡಿ 2,000ದಿಂದ ಗುಣಿಸಿದ್ದನ್ನು ಕಳೆಯಿರಿ. ಶುರುವಿನಲ್ಲಿ ಅದು 65,000. ಬೇರೆ ತಂಡಗಳದ್ದೂ ಬರೆದಿಡಿ. ಎದುರಿನವರ ಗರಿಷ್ಠ 7,000 ಅಂತ ಗೊತ್ತಿದ್ದರೆ 7,500 ಕೂಗಿ ಮುಗಿಸಬಹುದು, ಮತ್ತೆ ಎಳೆದಾಟ ಇಲ್ಲ.

ಬೇಡದವನ ಬೆಲೆ ಏರಿಸಲಿಕ್ಕೆ ಸುಮ್ಮನೆ ಕೂಗುವ ಆಟ ಬೇಡ. ಎದುರಿನವರು ಕೈ ಕೆಳಗಿಳಿಸಿದರೆ ನಾಲ್ಕು ರೈಡರ್ ಇರುವಾಗ ಬೇಡದ ಐದನೆಯವನು ನಿಮ್ಮ ಕುತ್ತಿಗೆಗೆ ಬೀಳ್ತಾನೆ.

ಎಡ_ಕಾರ್ನರ್

ಇನ್ನೊಂದು. ಕಾರ್ನರುಗಳ ಹೆಸರು ಪಟ್ಟಿಯ ಕೊನೆಗೆ ಬರ್ತದೆ ಅಂತ ಕಾದು ಕೂತುಕೊಳ್ಳಬೇಡಿ. 8 ತಂಡಕ್ಕೆ ತಲಾ 2 ಅಂದರೆ ಎಡ ಕಾರ್ನರ್ 16 ಬೇಕು. 130ರಲ್ಲಿ ನಿಜವಾದ ಎಡ ಕಾರ್ನರ್ ಆರೇ ಜನ ಇದ್ದರೆ, ನಾಲ್ಕನೆಯವನು ಹೋಗುವ ಮೊದಲು ಒಬ್ಬ ನಿಮ್ಮ ಕೈಯಲ್ಲಿರಬೇಕು. ಬಲದವನನ್ನು ಎಡಕ್ಕೆ ನಿಲ್ಲಿಸಿದರೆ ಮುಂದೆ ಇಡುವ ಕಾಲೇ ತಪ್ಪುತ್ತದೆ. ಥೈ ಹಿಡಿಯಲಿಕ್ಕೆ ಹೋಗಿ ಬೆನ್ನು ಕೊಡ್ತಾನೆ.

ಸೂಪರ್_ಟ್ಯಾಕಲ್

ಏಲಂಗೆ ಮೊದಲು ಮೂರು ವಿಷಯ ಫೋನ್ ಮಾಡಿ ಕೇಳಿ: ಎರಡೂ ರಾತ್ರಿ ಇರ್ತಾನಾ, ಅದೇ ದಿನ ಬೇರೆ ಕಡೆ ಮಾತು ಕೊಟ್ಟಿದ್ದಾನಾ, ತೂಕ ಎಷ್ಟು. ಗಲ್ಫಿಗೆ ವೀಸಾ ಕಾಯ್ತಾ ಇರುವವನ ಹೆಸರೂ ಪಟ್ಟಿಯಲ್ಲಿ ಇರ್ತದೆ. ಟಿಕೆಟ್ ಬಂದರೆ ಅವನು ಹಾರ್ತಾನೆ, ನಿಮ್ಮ 14,000 ವಾಪಸು ಬರುವುದಿಲ್ಲ. ಬದಲಿ ಆಟಗಾರನ ನಿಯಮ ಉಂಟಾ ಅಂತ ಕಮಿಟಿಯವರ ಹತ್ತಿರ ಬರಹದಲ್ಲಿ ತೆಗೊಳ್ಳಿ.

ಕೈಯಿಂದ ಹಾಕುವ ಹಣದಲ್ಲಿ ಜೆರ್ಸಿಗಿಂತ ಮೊದಲು ಟೇಪ್ ಮತ್ತು ಐಸ್. ಒಂದು ಕಣಕಾಲಿಗೆ ಸುಮಾರು ಅರ್ಧ ರೋಲ್ ಬೇಕು. ಆಡುವ ಏಳು ಜನಕ್ಕೆ ಎರಡೂ ಕಾಲಿಗೆ ಸುತ್ತಿದರೆ ಒಂದು ರಾತ್ರಿಗೆ 7 ರೋಲ್, ಎರಡು ರಾತ್ರಿಗೆ 14. ಮೊದಲ ರಾತ್ರಿ ಮೂರು ಮ್ಯಾಚ್ ಆಡಿದವರು ಮರುದಿನ ಸಂಜೆ ಎದ್ದು ನಿಲ್ಲಬೇಕಲ್ಲ.

ಮತ್ತೆ ತೂಕ ಎರಡನೇ ರಾತ್ರಿಯೂ ನೋಡ್ತಾರಾ ಅಂತ ಕೇಳಿಡಿ. 84.5 ಇದ್ದವ ಮೊದಲ ರಾತ್ರಿ ಗೆದ್ದ ಖುಷಿಗೆ ಬಿರಿಯಾನಿ ಹೊಡೆದು ಬಂದರೆ ತೂಕದ ಯಂತ್ರ ಸುಮ್ಮನೆ ಬಿಡುವುದಿಲ್ಲ.