ಒಂದು ‘ಎ’ ಬಿಟ್ಟರೆ ಜಿಗಣೆ ಕಚ್ಚುತ್ತದೆ

ಇಂಗ್ಲಿಷಿನಲ್ಲಿ ನಮ್ಮನ್ನು ಬೀಳಿಸುವುದು ದೊಡ್ಡ ಪದಗಳಲ್ಲ. ದೊಡ್ಡ ಪದ ಬಂದರೆ ಮೊದಲೇ ಹುಷಾರಾಗುತ್ತೇವೆ. ಡಿಕ್ಷನರಿ ತೆಗೆಯುತ್ತೇವೆ, ಇಲ್ಲಾ ಕೇಳಿಸದ ಹಾಗೆ ಕೂರುತ್ತೇವೆ. ಈ ಇನ್, ಆನ್, ಬೈ, ಎ, ದ ಅನ್ನೋ ಪುಡಿ ಮಾತುಗಳಿವೆಯಲ್ಲ, ಕಾಲಿಗೆ ತೊಡರುವುದು ಇವೇ.

ಇದನ್ನು ಮೊದಲು ಎತ್ತಿದ್ದು ನಮ್ಮ ಹೋಮ್‌ಸ್ಟೇ ಸಾವ್ಕಾರ. ಮಡಿಕೇರಿ ಕಡೆ ಮಳೆ ಹಿಡಿದರೆ ತೋಟದಲ್ಲಿ ಕೆಲಸ ಸಾಗುವುದಿಲ್ಲ, ಮನೆಯಲ್ಲಿ ಕರೆಂಟ್ ಇರುವುದಿಲ್ಲ. ಹಾಗಾಗಿ ಅವನ ಜಗಲಿಯೇ ನಮಗೆ ಗತಿ. ರಿಟೈರಾದ ಸುಬೇದಾರ್ರ ಮನೆಮಾತು ಕೊಡವ ತಕ್ಕ್, ನನ್ನದೂ ಸಾವ್ಕಾರನದೂ ಅರೆಭಾಷೆ, ಮೇಷ್ಟ್ರು ಶನಿವಾರಸಂತೆ ಕಡೆಯವರು. ಜಗಳಕ್ಕೆ ಮಾತ್ರ ಎಲ್ಲರಿಗೂ ಕನ್ನಡವೇ ಅನುಕೂಲ.

ಸಾವ್ಕಾರ ಬೆಂಗಳೂರಿನ ಗೆಸ್ಟ್ ಒಬ್ಬರಿಗೆ ವಾಟ್ಸಾಪಿನಲ್ಲಿ ಬರೆದಿದ್ದನಂತೆ: ‘ಫ್ಯೂ ಲೀಚಸ್ ಇನ್ ಮಾನ್ಸೂನ್’. ಜಿಗಣೆ ಇದೆ, ಜೋಪಾನ ಅಂತ ಇವನ ಲೆಕ್ಕ. ಆತ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವರು. ಚಡ್ಡಿ, ಚಪ್ಪಲಿಯಲ್ಲಿ ಬಂದಿಳಿದು ಸೀದಾ ಏಲಕ್ಕಿ ತೋಟಕ್ಕೆ ಹೋದರು. ವಾಪಸ್ ಬಂದಾಗ ಬೆರಳ ಸಂದಿಯಲ್ಲಿ, ಮೊಣಕಾಲ ಹಿಂದೆ, ಎಲ್ಲೆಲ್ಲೂ ಜಿಗಣೆ. ಸಾವ್ಕಾರನ ಹೆಂಡತಿ ಉಪ್ಪಿನ ಡಬ್ಬ ಹಿಡಿದು ಓಡಿ ಬಂದಳು. ಒಂದೊಂದು ಬಿದ್ದಾಗಲೂ ಆ ಮನುಷ್ಯ ‘ಯು ಸೆಡ್ ಫ್ಯೂ! ಯು ಸೆಡ್ ಫ್ಯೂ!’ ಅಂತ ಕೂಗುತ್ತಿದ್ದರಂತೆ.

“ನಾನು ಸುಳ್ಳು ಹೇಳಿದ್ನಾ ಮೇಷ್ಟ್ರೇ?” ಅಂದ ಸಾವ್ಕಾರ.

“ಹೇಳಿದ್ದೀಯ ಮಾರಾಯ. ‘ಎ ಫ್ಯೂ’ ಅಂದರೆ ಒಂದಷ್ಟು ಇದೆ ಅಂತ. ಬರೀ ‘ಫ್ಯೂ’ ಅಂದರೆ ಇಲ್ಲ ಅಂತಲೇ ಇಟ್ಟುಕೊ ಅಂತ. ಲಿಟಲ್‌ಗೂ ಅದೇ ಕತೆ. ‘ಎ ಲಿಟಲ್ ಹೋಪ್’ ಅಂದರೆ ರೋಗಿ ಬದುಕಬಹುದು. ‘ಲಿಟಲ್ ಹೋಪ್’ ಅಂದರೆ ನೆಂಟರಿಗೆ ಫೋನ್ ಮಾಡಬೇಕು.”

“ಒಂದು ‘ಎ’ಗೆ ಇಷ್ಟಾ?” ಸುಬೇದಾರ್ರಿಗೆ ಸಿಟ್ಟು ಬಂತು. “ನಮ್ಮ ರೆಜಿಮೆಂಟಲ್ಲಿ ಯಾರೂ ಹೇಳ್ಲೇ ಇಲ್ಲ!”

ಸಾವ್ಕಾರನ ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ. ಅವನ ಗೋಡೆಯ ಬೋರ್ಡಿನಲ್ಲಿ ‘ವೆಕೇಟ್ ರೂಮ್ಸ್ ಅಂಟಿಲ್ 11’ ಅಂತಿದೆ. ಮೇಷ್ಟ್ರು ಕನ್ನಡಕ ಏರಿಸಿ ಓದಿ, “ಹನ್ನೊಂದರ ತನಕ ಖಾಲಿ ಮಾಡ್ತಾನೇ ಇರಿ ಅಂತ ಬರೆದಿದ್ದೀಯಲ್ಲೋ” ಅಂದರು. ಗಡುವು ಹೇಳುವಾಗ ಬೈ, ಅಲ್ಲೀವರೆಗೂ ನಡೆಯುತ್ತಲೇ ಇರುವುದಕ್ಕೆ ಅಂಟಿಲ್. ಕೊಡಗು 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿತಲ್ಲ, ಅಂಟಿಲ್ ಅವತ್ತು ಅದು ಬೇರೆ ರಾಜ್ಯ. ಇದರಲ್ಲಿ ನಾವು ಎಡವುವುದಕ್ಕೆ ನೆಪವೇ ಇಲ್ಲ ನೋಡಿ. ಕನ್ನಡದಲ್ಲೂ ‘ಒಳಗೆ’ ಬೇರೆ, ‘ತನಕ’ ಬೇರೆ. ಸಾಲ ಕೊಟ್ಟವನಿಗೆ ಈ ವ್ಯತ್ಯಾಸ ಯಾರೂ ಕಲಿಸಬೇಕಾಗಿಲ್ಲ.

ನಿಜವಾದ ಕಿತಾಪತಿ ಇರುವುದು ನಮ್ಮ ‘ಇಂದ’ದಲ್ಲಿ. ಅದನ್ನು ಹೊರಗೆಳೆದವರು ಸುಬೇದಾರ್ರು, ತಮಗೇ ಗೊತ್ತಿಲ್ಲದೆ. ಅವರು ಗೆಸ್ಟುಗಳಿಗೆ ಪರಿಚಯ ಹೇಳಿಕೊಳ್ಳುವುದೇ ‘ಐ ಯಾಮ್ ರಿಟೈರ್ಡ್ ಸಿನ್ಸ್ ಟ್ವೆಂಟಿ ಇಯರ್ಸ್’ ಅಂತ.

“ಫಾರ್ ಅನ್ನಬೇಕು ಸುಬೇದಾರ್ರೇ. ಸಿನ್ಸ್ ಮುಂದೆ ಶುರುವಾದ ದಿನವೋ ವರ್ಷವೋ ಬರಬೇಕು. ಎಷ್ಟು ಕಾಲ ಅಂತ ಹೇಳೋದಾದರೆ ಫಾರ್.”

“ಕನ್ನಡದಲ್ಲಿ ಎರಡಕ್ಕೂ ‘ಇಂದ’ ಅಲ್ವಾ? 1956ರಿಂದ, ಇಪ್ಪತ್ತು ವರ್ಷದಿಂದ. ಅದೇನು ಕಾಟ ಇವರದ್ದು?”

ಅಲ್ಲಿಂದ ಎಲ್ಲರೂ ‘ಇಂದ’ ಎಣಿಸಲು ಕೂತೆವು. ಗೋಣಿಕೊಪ್ಪದಿಂದ ಬಂದ, ಅದು ಫ್ರಮ್. ಕತ್ತಿಯಿಂದ ಕಡಿದ, ವಿತ್. ಮಳೆಯಿಂದ ಕಾಫಿ ಕಾಯಿ ಉದುರಿತು, ಬಿಕಾಸ್ ಆಫ್. ಆನೆಯಿಂದ ತೋಟ ಹಾಳಾಯಿತು, ಬೈ. ಇಂಗ್ಲಿಷಿನವನು ಅಷ್ಟೂ ಕೆಲಸಕ್ಕೆ ಬೇರೆ ಬೇರೆ ಆಳು ಇಟ್ಟಿದ್ದಾನೆ, ನಾವು ಒಬ್ಬನ ಹತ್ತಿರವೇ ಮಾಡಿಸುತ್ತೇವೆ. ಸಂಬಳ ಉಳಿತಾಯ.

“ಬೈಗೂ ವಿತ್‌ಗೂ ಏನು ಲೆಕ್ಕ?” ಅಂದೆ.

“ಮಾಡಿದವನಿಗೆ ಬೈ, ಬಳಸಿದ ಹತ್ಯಾರಿಗೆ ವಿತ್.”

ಸಾವ್ಕಾರ ತುಂಬಾ ಹೊತ್ತು ಯೋಚನೆ ಮಾಡಿದ. “ಹಾಗಾದ್ರೆ ದುಬಾರೆ ಆನೆ ಮರ ಎಳೆದರೆ?”

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಒಳ್ಳೇ ಪ್ರಶ್ನೆ. ಮಾವುತ ಎಳೆಸಿದ ಅಂದುಕೊಂಡರೆ ಆನೆ ಹತ್ಯಾರು. ಆನೆಯೇ ಎಳೆಯಿತು ಅಂದುಕೊಂಡರೆ ಅದು ಮಾಡಿದವನ ಜಾಗದಲ್ಲಿ ನಿಲ್ಲುತ್ತದೆ. ಕೊನೆಗೆ ಸುಬೇದಾರ್ರೇ ತೀರ್ಪು ಕೊಟ್ಟರು: “ಕಾಡಾನೆ ಬೈ, ಸಾಕಾನೆ ವಿತ್.” ಯಾವ ವ್ಯಾಕರಣ ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಬರೆದದ್ದು ನಾನು ನೋಡಿಲ್ಲ. ಅರಣ್ಯ ಇಲಾಖೆಯವರು ಪುಂಡಾನೆ ಹಿಡಿಯುವಾಗಲೂ ಹಾಗೇ ತಾನೇ, ಹಿಡಿದದ್ದು ಇಲಾಖೆ, ವಿತ್ ಕುಮ್ಕಿ ಆನೆಗಳು, ಅಂದರೆ ಪಳಗಿಸಿದ ಸಾಕಾನೆಗಳು.

ಇನ್, ಆನ್, ಅಟ್ ಬಗ್ಗೆ ಜಾಸ್ತಿ ಹೊತ್ತು ಹೋಗಲಿಲ್ಲ. ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾದದ್ದು ಇನ್ 1949, ಇನ್ ಜನವರಿ, ಆದರೆ ಆನ್ ಜನವರಿ 15 ಅಂತ ಮೇಷ್ಟ್ರು ಹೇಳಿದ ಕೂಡಲೇ ಸುಬೇದಾರ್ರು ನೆಟ್ಟಗೆ ಕೂತರು. ಆ ತಾರೀಕು ಅವರಿಗೆ ಮರೆಯುವಂಥದ್ದಲ್ಲ, ಆರ್ಮಿ ಡೇ. ವರ್ಷ, ತಿಂಗಳಿಗೆ ಇನ್, ದಿನಕ್ಕೆ ಆನ್, ಗಂಟೆಗೆ ಅಟ್. ಇಷ್ಟು ಸಲೀಸಾಗಿದ್ದರೆ ಸಾಕಿತ್ತು. ಬೆಳಿಗ್ಗೆಗೆ ಇನ್, ರಾತ್ರಿಗೆ ಮಾತ್ರ ಅಟ್. ಯಾಕೆ ಅಂದರೆ ಮೇಷ್ಟ್ರು ಮಳೆ ನೋಡುತ್ತಾರೆ. ಬಸ್ಸಿಗೆ ಆನ್, ಕಾರಿಗೆ ಇನ್. ಮಾಂದಲಪಟ್ಟಿ ಜೀಪಿಗೆ? ಒಳಗೆ ಕೂತವರು ಇನ್, ಹಿಂದೆ ನೇತಾಡಿದವರು ಆನ್.

ಸುಬೇದಾರ್ರಿಗೆ ನಿಜಕ್ಕೂ ಬೇಜಾರಾದದ್ದು ‘ದ’ ವಿಷಯದಲ್ಲಿ. ಕಾವೇರಿಗೆ ‘ದ’ ಇದೆ, ಯಾಕಂದ್ರೆ ನದಿ. ಪಶ್ಚಿಮ ಘಟ್ಟಕ್ಕೂ ಇದೆ, ಬೆಟ್ಟದ ಸಾಲು. ತಡಿಯಂಡಮೋಳ್‌ಗೆ ಇಲ್ಲ.

“1748 ಮೀಟರ್! ಕೊಡಗಿಗೇ ದೊಡ್ಡ ಬೆಟ್ಟ! ಅದಕ್ಕೆ ಒಂದು ‘ದ’ ಕೊಡೋಕೆ ಏನು ರೋಗ?”

“ಒಂಟಿ ಬೆಟ್ಟಕ್ಕೆ ಕೊಡಲ್ಲ ಸುಬೇದಾರ್ರೇ. ಕೆರೆಗೂ ಇಲ್ಲ. ಹೊನ್ನಮ್ಮನ ಕೆರೆ ಅಂದರೆ ಬರೀ ಹೊನ್ನಮ್ಮನ ಕೆರೆ.”

“ಅಂದ್ರೆ ಹರಿಯೋ ನೀರಿಗೆ ಉಂಟು, ನಿಂತ ನೀರಿಗೆ ಇಲ್ಲ” ಅಂದ ಸಾವ್ಕಾರ.

“ಸಮುದ್ರಕ್ಕೆ ಉಂಟಲ್ಲೋ” ಅಂದರು ಮೇಷ್ಟ್ರು. ಸಾವ್ಕಾರನ ಸಿದ್ಧಾಂತ ಅಲ್ಲೇ ಮುಳುಗಿತು.

ಕತ್ತಲಾಗುತ್ತಾ ಬಂದಂತೆ ಮಾತು ಹಾಕಿಗೆ ತಿರುಗಿತು. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದದ್ದು. ಒಂದೊಂದು ಮನೆತನದ್ದು ಒಂದೊಂದು ಟೀಮು, ಅಜ್ಜನ ಪಕ್ಕ ಮೊಮ್ಮಗನೂ ಆಡುವುದುಂಟು. ಸುಬೇದಾರ್ರು ಅವರ ಮನೆತನಕ್ಕೆ ಫುಲ್‌ಬ್ಯಾಕ್. ಮೇಷ್ಟ್ರು ಇದನ್ನೂ ಬಿಡಲಿಲ್ಲ.

“ಬಾಲನ್ನು ‘ಟು ಹಿಮ್’ ಹೊಡೆದರೆ ಅವನಿಗೆ ಸಿಗಲಿ ಅಂತ. ‘ಅಟ್ ಹಿಮ್’ ಹೊಡೆದರೆ ಅವನಿಗೆ ತಾಗಲಿ ಅಂತ. ಕೂಗುವುದೂ ಹಾಗೇ. ಕರೆಯೋಕೆ ಕೂಗಿದರೆ ‘ಟು’, ಬೈಯೋಕೆ ಕೂಗಿದರೆ ‘ಅಟ್’.”

ಸುಬೇದಾರ್ರು ಮೀಸೆ ಸವರಿಕೊಂಡರು. “ಫಸ್ಟ್ ಹಾಫಲ್ಲಿ ಸರಿ ಮೇಷ್ಟ್ರೇ. ಕೊನೇ ಐದು ನಿಮಿಷದಲ್ಲಿ ನಾವು ಅಷ್ಟೆಲ್ಲ ವ್ಯಾಕರಣ ನೋಡಲ್ಲ.”