‘ಮೊದಲ’, ‘ಮೊದಲನೆಯ’, ‘ಪ್ರಥಮ’: ರಸಪ್ರಶ್ನೆಯಲ್ಲಿ ಯಾವುದು ಸಲ್ಲುತ್ತದೆ?

ಎಲ್ಲರಿಗೂ ನಮಸ್ಕಾರ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ‘ಮೊದಲ’, ‘ಮೊದಲನೆಯ’, ‘ಮೊತ್ತಮೊದಲ’, ‘ಪ್ರಥಮ’ ಈ ಪದಗಳ ನಡುವೆ ಇಂದಿನ ಬರಹದ ಕನ್ನಡದಲ್ಲಿ ಅರ್ಥವ್ಯತ್ಯಾಸ ಉಳಿದಿದೆಯೇ? ಇಲ್ಲವೇ ಕೈಗೆ ಸಿಕ್ಕಿದ್ದನ್ನು ಬಳಸಿದರೆ ಸಾಕೇ? ‘ಮೊದಲಿಗ’ ಎಂಬ ಪದ ನಿಮ್ಮ ಕಡೆಯ ಬರಹದಲ್ಲಿ ಈಗಲೂ ಓಡಾಡುತ್ತಿದೆಯೇ? ಇದರ ಬೆನ್ನಿಗೇ ಇನ್ನೊಂದು: ‘ಅತಿ ದೊಡ್ಡ’ ಎಂದರೆ ‘ಎಲ್ಲಕ್ಕಿಂತ ದೊಡ್ಡ’ ಎಂದೇ ಅರ್ಥವೇ?

ಇಷ್ಟೆಲ್ಲ ಯಾಕೆಂದರೆ, ದಾವಣಗೆರೆಯ ಒಂದು ಬಾರ್ ಅಂಡ್ ರೆಸ್ಟೋರೆಂಟಿನ ಮಹಡಿಯಲ್ಲಿ ಪ್ರತಿ ಶುಕ್ರವಾರ ರಾತ್ರಿ ರಸಪ್ರಶ್ನೆ ನಡೆಯುತ್ತದೆ. ವಕೀಲರು, ಹತ್ತಿ ಗಿರಣಿಯಿಂದ ನಿವೃತ್ತರಾದವರು, ವೈದ್ಯಕೀಯ ಓದುವ ಹುಡುಗರು, ಚಿತ್ರದುರ್ಗದಿಂದ ಬರುವ ಒಂದು ತಂಡ, ಹೀಗೆ ಎಲ್ಲ ಬಗೆಯವರೂ ಸೇರುತ್ತಾರೆ. ಪ್ರಶ್ನೆಗಳು ಕನ್ನಡದಲ್ಲೇ. ಪ್ರಶ್ನೆ ಬರೆಯುವ ಸರದಿ ವಾರಕ್ಕೊಬ್ಬರದು. ತಕರಾರು ಎದ್ದಾಗ ತೀರ್ಪು ಹೇಳುವ ಕೆಲಸ ಮಾತ್ರ ಕಾಯಂ ನನ್ನ ತಲೆಗೆ. ಗೆದ್ದ ತಂಡಕ್ಕೆ ಬಿಲ್ಲಿನಲ್ಲಿ ರಿಯಾಯಿತಿ ಇರುವುದರಿಂದ ವ್ಯಾಕರಣದ ತಕರಾರಿಗೂ ಇಲ್ಲಿ ಬೆಲೆಯಿದೆ. ಮೆಣಸಿನಕಾಯಿ ಬಜ್ಜಿಯ ತಟ್ಟೆ ಪಕ್ಕಕ್ಕೆ ಸರಿಸಿ, ಮೊಬೈಲಿನಲ್ಲಿ ನಿಘಂಟು ತೆರೆದು ವಾದಿಸುವವರನ್ನು ಬೇರೆಲ್ಲೂ ನಾನು ನೋಡಿಲ್ಲ.

ಈಚೆಗೆ ಬಂದ ಒಂದು ಪ್ರಶ್ನೆ: ‘ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು?’ ನೋಡಲು ಪ್ರಾಥಮಿಕ ಶಾಲೆಯ ಪ್ರಶ್ನೆ. ಚೀಟಿಗಳಲ್ಲಿ ಮೂರು ಹೆಸರು ಬಂದವು. ಗಿರಣಿಯ ಹಿರಿಯರು ಕೆ.ಸಿ. ರೆಡ್ಡಿ ಎಂದು ಬರೆದಿದ್ದರು. ಸ್ವಾತಂತ್ರ್ಯ ಬಂದ 1947ರಲ್ಲಿ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ರಚನೆಯಾದಾಗ ಮುಖ್ಯಮಂತ್ರಿಯಾದವರು ಅವರು. ದುರ್ಗದ ತಂಡ ಎಸ್. ನಿಜಲಿಂಗಪ್ಪ ಎಂದಿತು. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದಾಗ ಅಧಿಕಾರ ವಹಿಸಿಕೊಂಡವರು ಅವರೇ. (ದುರ್ಗದವರು ಬೇರೆ ಹೆಸರು ಬರೆಯುವುದುಂಟೇ? ಅವರ ಸ್ಮಾರಕ ಇರುವ ಸೀಬಾರವನ್ನು ದಾಟಿಯೇ ನಮ್ಮಲ್ಲಿಗೆ ಬರಬೇಕು.) ವೈದ್ಯಕೀಯ ಹುಡುಗರು ಡಿ. ದೇವರಾಜ ಅರಸು ಎಂದರು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆ ದಿನ ಮುಖ್ಯಮಂತ್ರಿ ಅರಸು. ಅದಕ್ಕೆ ಮುಂಚೆ ಇದ್ದವರೆಲ್ಲ ‘ಮೈಸೂರಿನ’ ಮುಖ್ಯಮಂತ್ರಿಗಳು, ಕರ್ನಾಟಕದವರಲ್ಲ ಎಂಬುದು ಹುಡುಗರ ವಾದ. ಮೂವರಿಗೂ ಅಂಕ ಕೊಟ್ಟೆ. ಮಾಲೀಕರ ಮುಖ ಸಣ್ಣದಾಯಿತು.

ನನ್ನ ವಾದ ಇದು. ಇಲ್ಲಿ ಕೈಕೊಟ್ಟದ್ದು ಚರಿತ್ರೆಯಲ್ಲ, ಒಂಟಿಯಾಗಿ ನಿಂತ ‘ಮೊದಲ’ ಎಂಬ ಪದ. ಕನ್ನಡದಲ್ಲಿ ಈ ಪದಕ್ಕೆ ಬೆನ್ನಿಗೊಂದು ಕೃದಂತ ಬೇಕು: ‘ಏಕೀಕರಣವಾದ ಮೇಲಿನ ಮೊದಲ’, ‘ಕರ್ನಾಟಕವೆಂದು ಹೆಸರಾದಾಗ ಇದ್ದ’, ‘ದೊರೆತಿರುವ ಮೊದಲ’. ಸಾಹಿತ್ಯ ಚರಿತ್ರೆ ಬರೆದವರು ಈ ಎಚ್ಚರವನ್ನು ಎಂದೋ ವಹಿಸಿದ್ದಾರೆ. ಕವಿರಾಜಮಾರ್ಗವನ್ನು ಅವರು ‘ಕನ್ನಡದ ಮೊದಲ ಕೃತಿ’ ಎನ್ನುವುದಿಲ್ಲ, ‘ಉಪಲಬ್ಧವಿರುವ ಮೊದಲ ಕೃತಿ’ ಎನ್ನುತ್ತಾರೆ. ಆ ಒಂಬತ್ತನೆಯ ಶತಮಾನದ ಗ್ರಂಥವೇ ತನಗಿಂತ ಹಿಂದಿನ ವಿಮಳ, ಉದಯ, ನಾಗಾರ್ಜುನ, ದುರ್ವಿನೀತ ಮೊದಲಾದವರನ್ನು ಹೆಸರಿಸುತ್ತದೆ. ಹಿಂದಿನವರನ್ನು ನೆನೆಯುವ ಗ್ರಂಥಕ್ಕೆ ಬರಿಯ ‘ಮೊದಲ’ ಹೇಗೆ ಹೊಂದೀತು? ನಮ್ಮ ಪ್ರಶ್ನೆ ಬರೆಯುವವರು ಈ ‘ಉಪಲಬ್ಧ’ವನ್ನು ಸಂಸ್ಕೃತದ ಹೊರೆ ಎಂದು ಕಿತ್ತೆಸೆಯುತ್ತಾರೆ; ‘ದೊರೆತಿರುವ’ ಎಂದು ಬರೆಯಲು ನೆನಪಾಗುವುದಿಲ್ಲ.

ಚಿತ್ರರಂಗದ ಪ್ರಶ್ನೆಯೂ ಹೀಗೆಯೇ. ‘ಮೊದಲ ಕನ್ನಡ ಚಿತ್ರ’ ಎಂದರೆ ಎಲ್ಲರೂ 1934ರ ಸತಿ ಸುಲೋಚನ ಎನ್ನುತ್ತಾರೆ. ಅದು ಮೊದಲ ವಾಕ್ಚಿತ್ರ. ಅದಕ್ಕೂ ಮುಂಚೆ ಇಲ್ಲಿ ಮೂಕಿ ಚಿತ್ರಗಳು ತಯಾರಾಗಿದ್ದವಲ್ಲ ಎಂದು ಒಬ್ಬರು ಎದ್ದರು. ಮಾತೇ ಆಡದ ಚಿತ್ರ ಕನ್ನಡದ್ದು ಹೇಗಾಗುತ್ತದೆ ಎಂದು ಇನ್ನೊಬ್ಬರು. ಇದಕ್ಕೆ ತೀರ್ಪು ಹೇಳಲು ನನಗೆ ಮನಸ್ಸೇ ಬರಲಿಲ್ಲ, ವಾದ ಅಷ್ಟು ಚೆನ್ನಾಗಿತ್ತು.

‘ಮೊದಲ’ಕ್ಕೆ ಇನ್ನೊಂದು ಮುಖವೂ ಇದೆ: ‘ಹಿಂದಿನ’ ಎಂಬ ಅರ್ಥ. ‘ಕರ್ನಾಟಕದ ಮೊದಲ ಹೆಸರೇನು?’ ಎಂದರೆ ‘ಮೈಸೂರು’ ಎಂಬ ಉತ್ತರ ತಾನಾಗಿ ಬರುತ್ತದೆ. ಅಲ್ಲಿ ಯಾರೂ ಆದಿಕಾಲದ ಹೆಸರನ್ನು ಹುಡುಕುವುದಿಲ್ಲ. ಈ ಅರ್ಥಕ್ಕೆ ‘ಮೊದಲಿನ’ ಎಂದು ಬರೆಯಬೇಕು, ‘ಮೊದಲ’ವನ್ನು ಎಣಿಕೆಗೆ ಮೀಸಲಿಡಬೇಕು ಎಂಬುದು ನನ್ನ ಪಕ್ಷ. ನಮ್ಮ ಜಿಲ್ಲೆಯ ಮಟ್ಟಿಗೆ ಇದು ನಿತ್ಯದ ಗೋಳು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಮೊದಲು ಚಿತ್ರದುರ್ಗದಲ್ಲಿದ್ದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿ, ಹರಪನಹಳ್ಳಿ ಬಳ್ಳಾರಿಯಲ್ಲಿ. ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ನಿಜಲಿಂಗಪ್ಪನವರು ಹುಟ್ಟಿದ ಹಲುವಾಗಲು ಅದೇ ತಾಲ್ಲೂಕಿನ ಊರು. ‘ನಿಜಲಿಂಗಪ್ಪನವರು ಯಾವ ಜಿಲ್ಲೆಯವರು?’ ಎಂದು ವರ್ಷ ಹೇಳದೆ ಕೇಳಿದರೆ ಉತ್ತರಕ್ಕಿಂತ ಹೆಚ್ಚು ಜಗಳ ಸಿಗುತ್ತದೆ.

‘ಮೊದಲನೆಯ’ ವಿಷಯದಲ್ಲಿ ನನಗೆ ಅನುಮಾನ ಕಡಿಮೆ. ಅದರ ಹಿಂದೆ ಎರಡನೆಯದೊಂದು ಸಾಲಿನಲ್ಲಿ ನಿಂತಿರಲೇಬೇಕು. ‘ಇವರು ನನ್ನ ಮೊದಲನೆಯ ಹೆಂಡತಿ’ ಎಂದು ಯಾರಾದರೂ ಪರಿಚಯಿಸಿದರೆ ಕೇಳಿದವರ ಕಣ್ಣು ಬಾಗಿಲ ಕಡೆ ಹೋಗುತ್ತದೆ. 1914ರಲ್ಲಿ ಶುರುವಾದ ಯುದ್ಧ ಜನರ ಬಾಯಲ್ಲಿ ಬರಿಯ ‘ಮಹಾಯುದ್ಧ’ವಾಗಿತ್ತು, ಅದು ‘ಮೊದಲನೆಯದು’ ಎಂದು ರೂಢಿಯಾಗಲು ಎರಡನೆಯದು ಬರಬೇಕಾಯಿತು. ಹಾಗೆಯೇ ‘ಒಂದನೆಯ ತರಗತಿ’ ಎಂದರೆ ಮಗು ಓದುವ ತರಗತಿ, ‘ಮೊದಲ ತರಗತಿ’ ಎಂದರೆ ಬೆಳಗಿನ ಮೊದಲ ಪಾಠವೂ ಆಗಬಹುದು. ಈ ಸೂಕ್ಷ್ಮ ಪತ್ರಿಕೆಗಳಲ್ಲಿ ಸವೆದುಹೋಗುತ್ತಿದೆ ಎಂದು ನನಗನಿಸುತ್ತದೆ. ನಿಮಗೂ ಹಾಗೆ ಕಂಡಿದೆಯೇ?

‘ಪ್ರಥಮ’ ಇನ್ನೂ ಸ್ವಾರಸ್ಯದ್ದು. ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಯಲ್ಲಿ ‘ಜಿಲ್ಲೆಗೆ ಪ್ರಥಮ’ ಎಂದು ಬರುತ್ತದೆ. ಚತುರ್ಥಿ ವಿಭಕ್ತಿ ಹತ್ತಿದ ಕೂಡಲೇ ಅದು ಕಾಲದ ಮಾತಲ್ಲ, ಸ್ಥಾನದ ಮಾತು. ‘ಜಿಲ್ಲೆಯ ಪ್ರಥಮ ಕಾಲೇಜು’ ಎಂದು ಷಷ್ಠಿಯಲ್ಲಿ ಹೇಳಿದರೆ ಎಲ್ಲಕ್ಕಿಂತ ಮುಂಚೆ ಆರಂಭವಾದದ್ದು. ‘ಪ್ರಥಮ ದರ್ಜೆ ಕಾಲೇಜು’ ಎಂದರೆ ಅದೂ ಅಲ್ಲ, ಇದೂ ಅಲ್ಲ. ರಾಷ್ಟ್ರಪತಿ ‘ದೇಶದ ಪ್ರಥಮ ಪ್ರಜೆ’ ಆಗುವುದು ಮೊದಲು ಹುಟ್ಟಿದ್ದರಿಂದಲ್ಲವಷ್ಟೆ. ಆದ್ದರಿಂದ ಸ್ಥಾನಕ್ಕೆ ‘ಪ್ರಥಮ’, ಕಾಲಕ್ಕೆ ‘ಮೊದಲ’ ಎಂದು ನಮ್ಮ ಪ್ರಶ್ನೆಗಾರರಿಗೆ ಕಟ್ಟಳೆ ಹಾಕಿದ್ದೇನೆ. ಇದು ನಿಘಂಟಿನ ನಿಯಮವಲ್ಲ, ಶುಕ್ರವಾರ ರಾತ್ರಿಯ ನಿಯಮ.

‘ಮೊತ್ತಮೊದಲ’ ಸರಿಯೇ, ‘ಮೊಟ್ಟಮೊದಲ’ ಸರಿಯೇ ಎಂಬ ವಾದವೂ ಎದ್ದಿತ್ತು. ಎರಡೂ ಬಳಕೆಯಲ್ಲಿವೆ. ಆದರೆ ದ್ವಿರುಕ್ತಿಯ ಜಾಡು ನೋಡಿ: ಕಡೆ–ಕಟ್ಟಕಡೆ, ನಡು–ನಟ್ಟನಡು, ತುದಿ–ತುತ್ತತುದಿ. ಮೂಲದಲ್ಲಿ ಡಕಾರವಿದ್ದರೆ ‘ಟ್ಟ’, ದಕಾರವಿದ್ದರೆ ‘ತ್ತ’. ಆ ಲೆಕ್ಕದಲ್ಲಿ ‘ಮೊತ್ತಮೊದಲ’ ಹಳಿಯ ಮೇಲಿದೆ, ‘ಮೊಟ್ಟ’ ಎಂಬುದು ‘ಕಟ್ಟ’, ‘ನಟ್ಟ’ಗಳ ಸಹವಾಸದಿಂದ ಬಂದಿರಬೇಕು. ‘ಬಟ್ಟಬಯಲು’ ಮಾತ್ರ ಯಾವ ಜಾಡಿಗೂ ಸಿಗದೆ ಬಯಲಲ್ಲೇ ನಿಂತಿದೆ. ಬಲ್ಲವರು ತಿಳಿಸಬೇಕು.

‘ಚೊಚ್ಚಲ’ದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೆರಿಗೆಯ ಮನೆಯಿಂದ ಕ್ರೀಡಾಪುಟಕ್ಕೆ ಬಂದ ಪದ. ಅಲ್ಲಿ ಚೆನ್ನಾಗಿ ಬಾಳುತ್ತಿದೆ. ಅದು ಒಬ್ಬರ ಪಾಲಿನ ಮೊದಲು, ಲೋಕದ ಮೊದಲಲ್ಲ. 1969ರಲ್ಲಿ ಕಾನ್ಪುರದ ಚೊಚ್ಚಲ ಟೆಸ್ಟಿನಲ್ಲಿ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಚೊಚ್ಚಲ ಟೆಸ್ಟಿನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯ ಮಾತ್ರ ಲಾಲಾ ಅಮರನಾಥ್, 1933ರಲ್ಲಿ. ಎರಡು ಪದಗಳೂ ಒಂದೇ ವಾಕ್ಯದಲ್ಲಿ ಜಗಳವಿಲ್ಲದೆ ಕುಳಿತಿವೆ.

ನನಗೆ ಮೆಚ್ಚುಗೆಯಾದದ್ದು ‘ಮೊದಲಿಗ’. ‘ಮೊದಲ ವ್ಯಕ್ತಿ’ ಎಂಬ ಸಪ್ಪೆ ಜೋಡಿಗಿಂತ ಎಷ್ಟು ಮೇಲು. ‘ನೊಬೆಲ್ ಪಡೆದ ಮೊದಲ ಭಾರತೀಯ?’ ಎಂದರೆ ಚೀಟಿಗಳ ತುಂಬ ರವೀಂದ್ರನಾಥ ಠಾಕೂರ್, 1913. ‘ಭಾರತದಲ್ಲಿ ಹುಟ್ಟಿ ನೊಬೆಲ್ ಪಡೆದ ಮೊದಲಿಗ?’ ಎಂದು ಕೇಳಿದೊಡನೆ ಸದ್ದಡಗುತ್ತದೆ. ಉತ್ತರ ರೊನಾಲ್ಡ್ ರಾಸ್: ಅಲ್ಮೋರದಲ್ಲಿ ಹುಟ್ಟಿದವರು, ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿದ್ದಕ್ಕೆ 1902ರಲ್ಲಿ ವೈದ್ಯಕೀಯ ನೊಬೆಲ್ ಪಡೆದವರು. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್‌ಗೂ 1907ರಲ್ಲೇ ಬಂದಿತ್ತು. ‘ಭಾರತೀಯ’ ಎಂಬ ಪದವನ್ನು ‘ಭಾರತದ ಪ್ರಜೆ’, ‘ಭಾರತ ಮೂಲದ’, ‘ಭಾರತದಲ್ಲಿ ಹುಟ್ಟಿದ’ ಎಂದು ಬಿಡಿಸಿ ಹೇಳಿದರೆ ಒಂದು ಸುಲಭದ ಪ್ರಶ್ನೆಯಿಂದ ಮೂರು ಕಠಿಣ ಪ್ರಶ್ನೆ ಹುಟ್ಟುತ್ತವೆ. ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ ಪ್ರಜೆ 1984ರ ರಾಕೇಶ್ ಶರ್ಮಾ. 1997ರಲ್ಲಿ ಹೋದ ಕಲ್ಪನಾ ಚಾವ್ಲಾ ಆ ಹೊತ್ತಿಗೆ ಅಮೆರಿಕದ ಪ್ರಜೆ. ‘ಮೊದಲಿಗ’ಕ್ಕೆ ಸ್ತ್ರೀಲಿಂಗ ಹೇಗೆ? ‘ಮೊದಲಿಗಳು’ ಎಂದರೆ ಕಿವಿಗೆ ಹಿತವಿಲ್ಲ. ‘ಮೊದಲಿಗರು’ ಎಂದು ಬಹುವಚನದಲ್ಲಿ ಮರ್ಯಾದೆ ಕೊಟ್ಟು ತಪ್ಪಿಸಿಕೊಳ್ಳುತ್ತಿದ್ದೇವೆ. ಏನೇ ಆಗಲಿ, ಪ್ರಶ್ನೆಪತ್ರಿಕೆಗಳಲ್ಲಿ ಕಾಣುವ ‘ಮೊದಲ ಮಹಿಳಾ ಕವಯತ್ರಿ’ಗಿಂತ ಅದು ವಾಸಿ. ಪುರುಷ ಕವಯತ್ರಿ ಎಲ್ಲಿದ್ದಾರೋ!

ಪದ ಸರಿಯಿದ್ದರೂ ಅದು ನಿಲ್ಲುವ ಜಾಗ ಕೆಡಿಸುತ್ತದೆ. ದುರ್ಗದ ತಂಡದವರ ಸರದಿಯಲ್ಲಿ ಬಂದದ್ದು: ‘ಮೊದಲ ಕನ್ನಡ ದೊರೆಯ ಶಾಸನ ಎಲ್ಲಿದೆ?’ ಅವರ ಮನಸ್ಸಿನಲ್ಲಿದ್ದುದು ತಮ್ಮೂರಿನ ಪಕ್ಕದ ಚಂದ್ರವಳ್ಳಿ. ಕದಂಬ ಮಯೂರಶರ್ಮನ ಬಂಡೆಗಲ್ಲಿನ ಶಾಸನ ಅಲ್ಲಿದೆ, ಅದರ ಭಾಷೆ ಪ್ರಾಕೃತ. ಉಳಿದವರ ಕಿವಿಗೆ ‘ಮೊದಲ ಕನ್ನಡ ಶಾಸನ’ ಎಂದೇ ಬಿದ್ದು ಎಲ್ಲರೂ ಹಲ್ಮಿಡಿ ಎಂದು ಬರೆದರು. (ತಾಳಗುಂದದ್ದು ಹಲ್ಮಿಡಿಗಿಂತ ಹಳೆಯದು ಎಂಬ ವಾದ ಬೇರೆ, ಅದನ್ನೂ ಒಬ್ಬರು ಬರೆದಿದ್ದರು.) ‘ಮೊದಲ’ ಎಂಬುದು ದೊರೆಗೆ ಹತ್ತಿತೋ ಶಾಸನಕ್ಕೆ ಹತ್ತಿತೋ ವಾಕ್ಯ ಹೇಳುವುದಿಲ್ಲ. ‘ಕನ್ನಡ ದೊರೆಗಳಲ್ಲಿ ಮೊದಲಿಗನಾದ ಮಯೂರಶರ್ಮನ ಶಾಸನ’ ಎಂದರೆ ಸಂಶಯ ಹೋಗುತ್ತದೆ, ಆದರೆ ಉತ್ತರದ ಅರ್ಧ ಪ್ರಶ್ನೆಯಲ್ಲೇ ಸೋರಿಹೋಗುತ್ತದೆ. ಸಂಶಯವೂ ಇರಬಾರದು, ಸೋರಲೂಬಾರದು, ಅಂಥ ವಾಕ್ಯ ಹೇಗೆ ಕಟ್ಟುತ್ತೀರಿ?

ಇನ್ನು ‘ಅತಿ’. ‘ಅತಿಯಾಸೆ ಗತಿಗೇಡು’ ಎನ್ನುವಾಗ ಅದು ಮಿತಿಮೀರಿದ್ದು. ‘ಅತಿ ದೊಡ್ಡ’ ಎಂದರೆ ನನ್ನ ಕಿವಿಗೆ ‘ತುಂಬಾ ದೊಡ್ಡ’ ಅಷ್ಟೇ. ಎಲ್ಲಕ್ಕಿಂತ ದೊಡ್ಡದನ್ನು ಹೇಳಲು ಕನ್ನಡದಲ್ಲಿ ‘ಎಲ್ಲಕ್ಕಿಂತ’ ಇದೆ, ಯಾವುದರಲ್ಲಿ ಎಂದು ಹೇಳಲು ಸಪ್ತಮಿ ಇದೆ. ‘ಜಗತ್ತಿನ ಅತಿ ದೊಡ್ಡ ಸರೋವರ’ ಎಂದಾಗ ವಿಸ್ತೀರ್ಣದಲ್ಲಿ ಕ್ಯಾಸ್ಪಿಯನ್, ಹೆಸರು ಸಮುದ್ರವಾದರೂ. ಸಿಹಿನೀರಿನವುಗಳ ಪೈಕಿ ವಿಸ್ತೀರ್ಣದಲ್ಲಿ ಸುಪೀರಿಯರ್. ಆಳದಲ್ಲಿ 1,642 ಮೀಟರಿನ ಬೈಕಲ್. ‘ಎತ್ತರ’ವೂ ಅಷ್ಟೇ: ಸಮುದ್ರಮಟ್ಟದಿಂದ ಎಣಿಸಿದರೆ 8,848.86 ಮೀಟರಿನ ಎವರೆಸ್ಟ್, ಬುಡದಿಂದ ತುದಿಗೆ ಅಳೆದರೆ ಹವಾಯಿಯ ಮೌನಾ ಕಿಯಾ. ಅದರ ಬಹುಪಾಲು ನೀರಿನೊಳಗಿದೆ. ನಮ್ಮ ಚನ್ನಗಿರಿಯ ಸೂಳೆಕೆರೆಯನ್ನು ‘ಏಷ್ಯಾದಲ್ಲೇ ಎರಡನೆಯ ಅತಿ ದೊಡ್ಡ ಕೆರೆ’ ಎನ್ನುವ ಮಾತು ಎಲ್ಲರ ಬಾಯಲ್ಲಿದೆ. ಆ ಪ್ರಶ್ನೆಯನ್ನು ನಾನು ಒಳಗೆ ಬಿಟ್ಟಿಲ್ಲ. ಹಾಗಾದರೆ ಒಂದನೆಯದು ಯಾವುದು, ಕಟ್ಟಿಸಿದ್ದಕ್ಕೆ ಮಾತ್ರ ಕೆರೆ ಎನ್ನಬೇಕೇ ಎಂದು ಕೇಳಿದರೆ ರಾತ್ರಿ ಮುಗಿಯುವುದಿಲ್ಲ.

ಕರಾವಳಿಯವರು, ಧಾರವಾಡದ ಕಡೆಯವರು ‘ಮೊದಲಿಗ’ದ ಬಳಕೆಯ ಬಗ್ಗೆ ದಯವಿಟ್ಟು ತಿಳಿಸಿ. ಹಳಗನ್ನಡ ಓದಿದವರು ‘ಬಟ್ಟಬಯಲು’ ಯಾಕೆ ಹಾಗೆ ಎಂದು ಹೇಳಿ. ಚಂದ್ರವಳ್ಳಿಯ ಪ್ರಶ್ನೆಯನ್ನು ತಿದ್ದಿ ಕಳುಹಿಸುವವರು ಗುರುವಾರದೊಳಗೆ ಕಳುಹಿಸಿದರೆ ಉಪಕಾರ. ಈ ವಾರವೂ ಸರದಿ ದುರ್ಗದವರದೇ, ಅವರು ಅದನ್ನೇ ಮತ್ತೆ ಕೇಳುವ ಹಟದಲ್ಲಿದ್ದಾರೆ.